ಓದುಗರ ಪ್ರಶ್ನೆ: ಮಳೆಯ ಕೊಡಗಿನಲ್ಲಿ ಆಳದ ಗವಿಗಳೇಕಿಲ್ಲ?

ಪ್ರಶ್ನೆ: ಸಾಗರದ ಅತ್ಯಂತ ಆಳದ ತಳವನ್ನು ಮನುಷ್ಯ 1960ರಲ್ಲಿಯೇ ಮುಟ್ಟಿದನಾದರೂ ಗವಿಯೊಂದರಲ್ಲಿ ಎರಡು ಕಿಲೋಮೀಟರ್ ಇಳಿದದ್ದು 2004ರಲ್ಲಿ ಎಂದು ಓದಿದೆ. ಇಷ್ಟು ತಡವೇಕೆ? ಇಷ್ಟೊಂದು ಮಳೆ ಬೀಳುವ ನಮ್ಮ ಕೊಡಗಿನಲ್ಲಿ ಅಂಥ ಗವಿಗಳು ಏಕಿಲ್ಲ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಆಳದ ಗವಿಗೆ ಮಳೆಯೊಂದೇ ಸಾಲದು, ನೀರಿನಲ್ಲಿ ಕರಗುವ ಕಲ್ಲೂ ಬೇಕು. ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾದ ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ, ಬಹುದೀರ್ಘ ಕಾಲದಲ್ಲಿ ಅವನ್ನು ಬಾವಿಗಳನ್ನಾಗಿ, ಸುರಂಗಗಳನ್ನಾಗಿ ಅಗಲಿಸುತ್ತದೆ. ಕೊಡಗಿನ ಬೆಟ್ಟಗಳದು ಬಹುಮಟ್ಟಿಗೆ ನೈಸ್, ಚಾರ್ನೊಕೈಟ್‌ನಂತಹ ಗಟ್ಟಿ ಶಿಲೆ. ಅದು ಹೀಗೆ ಕರಗದೆ ಮೇಲಿನಿಂದ ಶಿಥಿಲವಾಗಿ ಮಣ್ಣಾಗುತ್ತದೆ. ಭಾಗಮಂಡಲದಲ್ಲಿ ಸುರಿದ ಮಳೆ ಆ ಮಣ್ಣಿನಲ್ಲಿ ಇಂಗಿಯೋ ಅದರ ಮೇಲೆ ಹರಿದೋ ಹೊಳೆ ಸೇರುತ್ತದೆ. ಕಪ್ಪು ಸಮುದ್ರದ ಬಳಿ, ಅಬ್ಖಾಜಿಯಾದ ಅರಾಬಿಕಾ ಪರ್ವತಸ್ತೋಮ ಸುಣ್ಣಕಲ್ಲಿನದು. ಅಲ್ಲಿನ ವೆರ್ಯೋವ್ಕಿನಾ ಗವಿ ಸುಮಾರು 2,200 ಮೀಟರ್ ಆಳವಿದೆ. ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರದ ನಮ್ಮ ತಡಿಯಂಡಮೋಳ್ ಅದರೊಳಗೆ ಮುಳುಗೀತು.

ಇನ್ನು ತಡವಾದದ್ದಕ್ಕೆ ಕಾರಣ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ‘ಟ್ರಿಯೆಸ್ಟ್’ ನೌಕೆಯಲ್ಲಿ ಸಾಗರದ ಅತ್ಯಂತ ಆಳದ ತಾಣವಾದ ಚಾಲೆಂಜರ್ ಆಳಕ್ಕೆ ಇಳಿದರು. ಅಲ್ಲಿನ ಒತ್ತಡ ನೆಲಮಟ್ಟದ ವಾಯುಭಾರದ ಸಾವಿರ ಪಟ್ಟಿಗೂ ಹೆಚ್ಚು. ಆದರೆ ಅದನ್ನು ತಾಳುವ ಉಕ್ಕಿನ ಗೋಳ ಸಿದ್ಧವಾದ ಮೇಲೆ ದಾರಿ ನೇರ. ಐದು ಗಂಟೆಯೊಳಗೆ ತಳ ಸಿಕ್ಕಿತು. ಆಳವೆಷ್ಟೆಂಬುದನ್ನು ಹಡಗಿನಿಂದಲೇ ಧ್ವನಿಯ ಮೂಲಕ ಅಳೆಯಬಹುದಿತ್ತು. ಗವಿಗೆ ಅಂಥ ಅನುಕೂಲವಿಲ್ಲ: ಅದು ಎಲ್ಲಿಗೆ ಹೋಗುತ್ತದೆಂಬುದು ಒಬ್ಬರು ಒಳಹೊಕ್ಕು ಅಳೆದ ಮೇಲೆಯೇ ತಿಳಿಯುವುದು. ಹಗ್ಗ ಕಟ್ಟುತ್ತ, ಚಳಿಯ ಕತ್ತಲಲ್ಲಿ ಬಿಡಾರ ಹೂಡುತ್ತ, ನೀರು ತುಂಬಿದ ಇಕ್ಕಟ್ಟುಗಳಲ್ಲಿ ಮುಳುಗಿ ಸಾಗುತ್ತ, ತಂಡಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಮುಂದುವರಿದವು. 2004ರಲ್ಲಿ ಅದೇ ಅರಾಬಿಕಾದ ಕ್ರುಬೇರಾ ಗವಿಯಲ್ಲಿ ಉಕ್ರೇನಿನ ತಂಡ 2,000 ಮೀಟರ್ ದಾಟಿತು. ಗವಿಯನ್ನು ಕೊರೆದ ನೀರೇ ಅಲ್ಲಿ ದೊಡ್ಡ ಅಪಾಯವೂ ಹೌದು: 2018ರ ಸೆಪ್ಟೆಂಬರಿನಲ್ಲಿ ವೆರ್ಯೋವ್ಕಿನಾದ ತಳದಲ್ಲಿದ್ದವರು, ಹಠಾತ್ತನೆ ಏರಿದ ಪ್ರವಾಹದ ಮುಂದೆ ಹಗ್ಗ ಹತ್ತಿ ಪಾರಾದರು. ನನ್ನ ಮಟ್ಟಿಗೆ, ಸಾಗರಕ್ಕಿಂತ ಇದೇ ಕಠಿಣವಾದ ಸಾಹಸ. ಅಂಟಾರ್ಕ್ಟಿಕಾದ ಹಿಮದ ಆಳಕ್ಕಂತೂ ಮನುಷ್ಯ ಹೋಗಿಯೇ ಇಲ್ಲ. 2012ರಲ್ಲಿ 3,769 ಮೀಟರ್ ಕೆಳಗಿನ ವೋಸ್ಟೋಕ್ ಸರೋವರವನ್ನು ಮುಟ್ಟಿದ್ದು ಬೈರಿಗೆ ಮಾತ್ರ.

ಸುಣ್ಣಕಲ್ಲಿನ ಗವಿಯನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಆಂಧ್ರದ ಬೇಲಂ ಗುಹೆಗಳಿಗೆ ಹೋಗಿಬರಬಹುದು. ಅವು ಮೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದರೂ ಆಳ ಐವತ್ತು ಮೀಟರಿನೊಳಗೇ ಇದೆ, ಹಗ್ಗದ ಅಗತ್ಯವಿಲ್ಲ.