ಕೂಲಿ ಜಾಸ್ತಿ ಆಯ್ತಾ?

ಪ್ರಶ್ನೆ: ಹಳೆಯ ಸ್ವಿಫ್ಟ್‌ಗೆ ಆಂಡ್ರಾಯ್ಡ್ ಸ್ಟೀರಿಯೋ, ರಿವರ್ಸ್ ಕ್ಯಾಮೆರಾ ಆನ್‌ಲೈನ್‌ನಲ್ಲಿ ತರಿಸಿದೆ. ಕೂರಿಸಲು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 1,800 ರೂಪಾಯಿ ಕೇಳಿದರು. ಜಾಸ್ತಿ ಅಲ್ವಾ?

ಉತ್ತರ: ಹದಿನೈದು ವರ್ಷ ಈ ಕೆಲಸ ಮಾಡಿದವನು ನಾನು. ನನಗೆ ಜಾಸ್ತಿ ಅನ್ನಿಸುತ್ತಿಲ್ಲ. ಸ್ಟೀರಿಯೋ ಬೇಗ ಕೂರುತ್ತದೆ. ಕಷ್ಟ ಇರುವುದು ಕ್ಯಾಮೆರಾದಲ್ಲಿ. ಡಿಕ್ಕಿಯಿಂದ ಡ್ಯಾಶ್‌ಬೋರ್ಡ್‌ವರೆಗೆ ವೈರ್ ಎಳೆಯಬೇಕು. ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿಗಳನ್ನು ಕ್ಲಿಪ್ ಮುರಿಯದಂತೆ ಬಿಚ್ಚಬೇಕು. ರಿವರ್ಸ್ ಲೈಟಿನಿಂದ ಕರೆಂಟ್ ತೆಗೆಯಬೇಕು. ಅರ್ಧ ದಿನ ಹೋಗುತ್ತದೆ. ಸಾಮಾನು ಅಂಗಡಿಯಲ್ಲೇ ಕೊಂಡಿದ್ದರೆ ಕೂಲಿ ಕಡಿಮೆ ಹೇಳುತ್ತಿದ್ದರು; ಲಾಭ ಸಾಮಾನಿನಲ್ಲೇ ಬಂದಿರುತ್ತಿತ್ತು.

ಅಂಗಡಿಯವರನ್ನು ಒಂದು ಮಾತ್ರ ಕೇಳಿ: ಕಪ್ಲರ್ (ವೈರ್ ಕತ್ತರಿಸದೆ ಸ್ಟೀರಿಯೋವನ್ನು ಕಾರಿನ ವೈರಿಗೆ ಜೋಡಿಸುವ ಪ್ಲಗ್), ಫ್ರೇಮ್ (ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೀರಿಯೋ ಸುತ್ತ ಕೂರುವ ಚೌಕಟ್ಟು) ಈ ದರದಲ್ಲೇ ಸೇರಿವೆಯಾ? ಕಪ್ಲರ್ ದುಡ್ಡು ಉಳಿಸಲು ಕಾರಿನ ಜೊತೆ ಬಂದ ಕಂಪನಿ ವೈರ್ ಕತ್ತರಿಸಲು ಬಿಡಲೇಬೇಡಿ. ಟೇಪ್ ಸುತ್ತಿದ ಜೋಡಣೆ ಸಡಿಲವಾಗಿ, ಬಿಸಿಯಾಗಿ ಕರಗಿದ ವೈರುಗಳನ್ನು ನಾನೇ ಬದಲಿಸಿದ್ದೇನೆ.