ಆರು ಸಾವಿರ ಕೋಳಿಗಳ ಶೆಡ್: ಅನುಮತಿ, ಅಂತರ ಮತ್ತು ವಾಸನೆಯ ವಿಚಾರ

ನಮಸ್ಕಾರ. ಊರಿನಿಂದ ಸುಮಾರು 300 ಮೀಟರ್ ದೂರದಲ್ಲಿರುವ ನಿಮ್ಮ ಜಮೀನಿನಲ್ಲಿ ಕಂಪನಿಯ ಒಪ್ಪಂದದ ಮೇಲೆ ಆರು ಸಾವಿರ ಬ್ರಾಯ್ಲರ್ ಸಾಕುವ ಶೆಡ್ ಕಟ್ಟಬೇಕೆಂದಿದ್ದೀರಿ. ಇದು ಕೃಷಿಯೇ ಆದ್ದರಿಂದ ಮಾಲಿನ್ಯ ಮಂಡಳಿಯ ಅನುಮತಿ ಏಕೆ ಬೇಕು ಎಂದು ಕೇಳಿದ್ದೀರಿ.

ಬೇಕಾಗುತ್ತದೆ. ಮೊದಲು ಲಕ್ಷಕ್ಕಿಂತ ಹೆಚ್ಚು ಕೋಳಿಗಳಿರುವ ದೊಡ್ಡ ಫಾರಂಗಳನ್ನು ಮಾತ್ರ ಗಮನಿಸಲಾಗುತ್ತಿತ್ತು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ವಿನಾಯಿತಿಯನ್ನು ಪ್ರಶ್ನಿಸಿದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಒಂದೇ ಸ್ಥಳದಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಕೋಳಿ ಸಾಕುವವರು 1974ರ ಜಲ ಕಾಯ್ದೆ ಹಾಗೂ 1981ರ ವಾಯು ಕಾಯ್ದೆಯಡಿ ರಾಜ್ಯ ಮಂಡಳಿಯಿಂದ ಸಮ್ಮತಿ ಪಡೆಯಬೇಕೆಂಬುದು ಅದರಿಂದ ಬಂದ ನಿಯಮ. ಮೂರು ಸಾವಿರದ ಎರಡು ಶೆಡ್ ಮಾಡಿದರೆ ತಪ್ಪಿಸಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಜಾಗದಲ್ಲಿದ್ದರೆ ಲೆಕ್ಕವೂ ಒಂದೇ. ಮರಿ, ಮೇವು, ಔಷಧಿಯೆಲ್ಲ ಕಂಪನಿಯದಾದರೂ ಶೆಡ್ ಮತ್ತು ಗೊಬ್ಬರ ನಿಮ್ಮದು, ದೂರು ಬಂದಾಗ ನೋಟಿಸ್ ಬರುವುದೂ ನಿಮ್ಮ ಮನೆಗೇ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಕಂಪನಿಯವರೊಡನೆ ಮಾತಾಡಿಕೊಳ್ಳಿ.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ 300 ಮೀಟರ್. ಮಾರ್ಗಸೂಚಿಯು ವಸತಿ ಪ್ರದೇಶದಿಂದ 500 ಮೀಟರ್, ನದಿ, ಕೆರೆ, ಕಾಲುವೆ ಹಾಗೂ ಕುಡಿಯುವ ನೀರಿನ ಮೂಲಗಳಿಂದ 100 ಮೀಟರ್ ಅಂತರ ಬಯಸುತ್ತದೆ. ಆದ್ದರಿಂದ ಅಡಿಪಾಯ ತೋಡುವ ಮೊದಲೇ ಸರ್ವೆ ನಕ್ಷೆ ಹಿಡಿದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ ಬನ್ನಿ. ಪಂಚಾಯಿತಿಯ ಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಸಾಲ ಎತ್ತಬೇಡಿ.

ಕಾಗದಪತ್ರವೆಲ್ಲ ಸರಿಯಿದ್ದರೂ ಊರಿನವರು ನಿಮ್ಮನ್ನು ಅಳೆಯುವುದು ವಾಸನೆಯಿಂದ ಮತ್ತು ನೊಣದಿಂದ. ನನ್ನ ಎರಡನೆಯ ಬ್ಯಾಚಿನಲ್ಲಿ, ಮಳೆಗಾಲದಲ್ಲಿ, ಕೋಳಿಗಳು ಕುಕ್ಕಿ ನೀರು ಕುಡಿಯುವ ನಿಪ್ಪಲ್ ಕೊಳವೆಯ ಸಾಲೊಂದು ಸೋರುತ್ತಿದ್ದುದನ್ನು ನಾಲ್ಕು ದಿನ ಗಮನಿಸಲಿಲ್ಲ. ಅದರ ಕೆಳಗೆ ನೆಲಕ್ಕೆ ಹಾಸಿದ್ದ ಹೊಟ್ಟು ರೊಟ್ಟಿಯಂತೆ ಗಟ್ಟಿಯಾಗಿ, ಅಡಿಯಲ್ಲಿ ನೊಣದ ಹುಳು ಮಿಜಿಮಿಜಿ ಎನ್ನುತ್ತಿತ್ತು. ವಾರ ಕಳೆಯುವುದರೊಳಗೆ ಪಕ್ಕದ ತೋಟದವರು ಪಂಚಾಯಿತಿಗೆ ಅರ್ಜಿ ಕೊಟ್ಟರು, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಅಂದಿನಿಂದ ದಿನವೂ ಶೆಡ್ಡಿನ ಮೂರ್ನಾಲ್ಕು ಕಡೆ ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತೇನೆ. ಕೈ ಬಿಚ್ಚಿದಾಗ ಉಂಡೆ ಒಡೆದು ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಆ ಭಾಗವನ್ನು ಎತ್ತಿ ಹೊಸ ಹೊಟ್ಟು ಹಾಕಬೇಕು. ಹಿಕ್ಕೆಯಿಂದ ಏಳುವ ಘಾಟು ಅನಿಲವಾದ ಅಮೋನಿಯ ಎಷ್ಟಿದೆಯೆಂದು ತಿಳಿಯಲು ಕೋಳಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಉಸಿರೆಳೆಯಿರಿ, ನಿಂತವನ ಮೂಗಿಗೆ ಅದು ತಡವಾಗಿ ತಿಳಿಯುತ್ತದೆ. ಕೋಳಿಗಳಿರುವಾಗ ಒದ್ದೆ ಹೊಟ್ಟಿನ ಮೇಲೆ ಸುಣ್ಣ ಎರಚಿದರೆ ಅಮೋನಿಯ ಇನ್ನಷ್ಟು ಏಳುತ್ತದೆ. ಸುಣ್ಣವನ್ನು ಬ್ಯಾಚುಗಳ ನಡುವಿನ ಬಿಡುವಿಗೆ ಇಟ್ಟುಕೊಳ್ಳಿ.

ಸತ್ತ ಕೋಳಿಗಳಿಗೆ ಮುಚ್ಚಳವಿರುವ ಗುಂಡಿಯನ್ನು ಶೆಡ್ಡಿನ ಜೊತೆಯಲ್ಲೇ ಕಟ್ಟಿಸಿ. ನೂರಕ್ಕೆ ನಾಲ್ಕರಂತೆ ಸತ್ತರೂ ಒಂದು ಬ್ಯಾಚಿಗೆ 240 ಕೋಳಿ. ಹೊಲದ ಬದುವಿಗೆ ಎಸೆದರೆ ನಾಯಿಗಳು ಅವನ್ನು ಊರೊಳಗೆ ಎಳೆದು ತರುತ್ತವೆ. ಬ್ಯಾಚ್ ಮುಗಿದ ಮೇಲೆ ಗೊಬ್ಬರವನ್ನು ಬಯಲಿನಲ್ಲಿ ರಾಶಿ ಹಾಕದೆ, ಮಳೆ ತಾಗದ ಮಾಡಿನಡಿ ಗಟ್ಟಿ ನೆಲದ ಮೇಲೆ ಇಡಿ. ಒಣ ಗೊಬ್ಬರಕ್ಕೆ ತರಕಾರಿ ಬೆಳೆಗಾರರು ತಾವಾಗಿಯೇ ಟ್ರ್ಯಾಕ್ಟರ್ ತರುತ್ತಾರೆ, ನೆನೆದದ್ದನ್ನು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ.

ಜಮೀನಿನ ನಕ್ಷೆಯಲ್ಲಿ ಹತ್ತಿರದ ಮನೆ ಮತ್ತು ಕೊಳವೆಬಾವಿಯನ್ನು ಗುರುತಿಸಿ ಇಲ್ಲಿ ಹಾಕಿದರೆ, ಶೆಡ್ಡನ್ನು ಯಾವ ಮೂಲೆಗೆ ಸರಿಸಬಹುದೆಂದು ನೋಡಿ ಹೇಳುತ್ತೇನೆ.