ಥಂಡಿ ಹೋಯ್ತೋ ಇಲ್ಲೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಫೋನಿನಲ್ಲಿ ಮುಂಜಾನೆ 18 ಡಿಗ್ರಿ ಅಂತ ಬರ್ತದ, ನಮ್ಮ ಅಂಗಳದ ಥರ್ಮಾಮೀಟರ್ 15 ಅಂತದ. ಯಾವುದನ್ನ ನಂಬಬೇಕ್ರಿ? (ಲಿಂಗಸುಗೂರು)

ಫೋನಿನ ಅಂಕಿ ನಿಮ್ಮ ಊರಿನಲ್ಲಿ ಅಳೆದದ್ದಲ್ಲ, ಸುತ್ತಲಿನ ದೊಡ್ಡ ಪ್ರದೇಶಕ್ಕೆಲ್ಲ ಸೇರಿಸಿ ಕಂಪ್ಯೂಟರ್ ಹಾಕಿದ ಲೆಕ್ಕ. ಅಂಗಳದ್ದು ಅಳೆದದ್ದೇ, ಆದರೆ ಅದನ್ನು ಎಲ್ಲಿ ಇಟ್ಟಿದ್ದೀರಿ ಎಂಬುದು ಮುಖ್ಯ. ಬಯಲಿಗೆ ತೆರೆದಿಟ್ಟರೆ ರಾತ್ರಿ ಉಪಕರಣವೇ ಗಾಳಿಗಿಂತ ಬೇಗ ತಣ್ಣಗಾಗಿ ಒಂದೆರಡು ಡಿಗ್ರಿ ಕಡಿಮೆ ತೋರಿಸುತ್ತದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರೆ ಹಗಲಿಡೀ ಕಾದ ಗೋಡೆ ರಾತ್ರಿ ಬಿಸಿ ಬಿಡುವುದರಿಂದ ಹೆಚ್ಚು ತೋರಿಸುತ್ತದೆ. ತಗಡಿನ ಶೆಡ್ಡಿನ ಕೆಳಗಂತೂ ಬೇಡವೇ ಬೇಡ.

ಸರಿಯಾದ ಜಾಗವೆಂದರೆ ಮಣ್ಣಿನ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರ, ಗೋಡೆಯಿಂದ ಹತ್ತು ಅಡಿಯಾದರೂ ದೂರ, ಗಾಳಿ ಆಡುವ ನೆರಳು. ಹವಾಮಾನ ಕೇಂದ್ರಗಳಲ್ಲಿ ಕಾಣುವ ಬಿಳಿ ಪಟ್ಟಿಗಳ ಮರದ ಪೆಟ್ಟಿಗೆಯ ಬದಲು ಆರೇಳು ಬಿಳಿ ಪ್ಲಾಸ್ಟಿಕ್ ತಟ್ಟೆ ಸಾಕು. ಮೇಲಿನ ತಟ್ಟೆಯನ್ನು ಹಾಗೇ ಬಿಡಿ. ಉಳಿದವುಗಳ ನಡುವೆ ತೂತು ಕೊರೆದು, ಒಂದರ ಕೆಳಗೊಂದು ಬೋರಲಾಗಿ, ನಡುವೆ ಎರಡು ಸೆಂಟಿಮೀಟರ್ ಸಂದು ಬಿಟ್ಟು ಮೂರು ಉದ್ದನೆಯ ಬೋಲ್ಟುಗಳಿಗೆ ಪೋಣಿಸಿ, ಸೆನ್ಸರನ್ನು ಒಳಗೆ ಇಳಿಬಿಡಿ. ಬಿಸಿಲು ಒಳಗೆ ಬೀಳುವುದಿಲ್ಲ, ಗಾಳಿ ಮಾತ್ರ ಹಾಯುತ್ತದೆ. ಪೆಟ್ಟಿಗೆಯನ್ನೇ ಮಾಡಿಸುವುದಾದರೆ ಬಾಗಿಲು ಉತ್ತರಕ್ಕಿರಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ.

ಓದುವ ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆಯ ಹೊತ್ತೂ ಅದೇ. ಆಗ ಸಿಗುವ ಕನಿಷ್ಠ ಉಷ್ಣಾಂಶ ಇವತ್ತಿನದು, ಗರಿಷ್ಠ ನಿನ್ನೆಯದು. ಬಹಳ ಜನ ಎರಡನ್ನೂ ಒಂದೇ ತಾರೀಖಿಗೆ ಬರೆದು ಇಡೀ ಪಟ್ಟಿ ಕೆಡಿಸಿಕೊಳ್ಳುತ್ತಾರೆ. ‘ಯು’ ಆಕಾರದ ಪಾದರಸದ ಥರ್ಮಾಮೀಟರ್ ಆದರೆ ಒಳಗಿನ ಕಬ್ಬಿಣದ ಕಡ್ಡಿಯ ಕೆಳತುದಿಯನ್ನು ಓದಿ, ಆಮೇಲೆ ಅಯಸ್ಕಾಂತದಿಂದ ಕಡ್ಡಿಯನ್ನು ಪಾದರಸಕ್ಕೆ ತಾಗುವಂತೆ ಇಳಿಸಿ. ಕೊಂಡು ತರುವಾಗ ಬಸ್ಸಿನಲ್ಲಿ ಅಡ್ಡ ಮಲಗಿಸಬೇಡಿ, ಪಾದರಸದ ಎಳೆ ತುಂಡಾಗುತ್ತದೆ.

ಪ್ರಶ್ನೆ: ‘ಶೀತಗಾಳಿ’ ಅಂತ ಸುದ್ದಿಯಲ್ಲಿ ಹೇಳ್ತಾರೆ. ಎಷ್ಟು ಡಿಗ್ರಿಗೆ ಹಾಗನ್ನುತ್ತಾರೆ? (ಬಳ್ಳಾರಿ)

ಬಯಲು ಪ್ರದೇಶಕ್ಕೆ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಚಳಿ ಅನಿಸಿದ ಮಾತ್ರಕ್ಕೆ ಅದು ಶೀತಗಾಳಿಯಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಚಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿ, ನಾಲ್ಕು ದಿನ ಬಿಟ್ಟು ಮತ್ತೆ ಜೋರಾಗ್ತದೆ. ಕಣದಲ್ಲಿ ಮೆಣಸಿನಕಾಯಿ ಇದೆ. (ಸಿರುಗುಪ್ಪ)

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮಳೆ ಬರದಿದ್ದರೂ ಮೋಡ ಬರುತ್ತದೆ. ನೆಲದ ಕಾವು ಮೇಲೆ ಹೋಗಲು ಮೋಡ ಬಿಡುವುದಿಲ್ಲ, ಹಾಗಾಗಿ ರಾತ್ರಿ ಬೆಚ್ಚಗೆ. ಮೋಡ ಚದುರಿ ಈಶಾನ್ಯದ ಒಣಗಾಳಿ ತಿರುಗಿದರೆ ಮತ್ತೆ ಚಳಿ. ನಿಮಗೆ ಚಳಿಗಿಂತ ಇಬ್ಬನಿಯೇ ಶತ್ರು. ಹೊತ್ತು ಮುಳುಗುವ ಮೊದಲೇ ಕಾಯನ್ನು ರಾಶಿ ಮಾಡಿ ತಾಡಪತ್ರಿ ಹೊದಿಸಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲಷ್ಟೇ ಹರವಿ. ಹೊದಿಕೆಯ ಒಳಮೈ ಬೆವರಿದ್ದರೆ ಅದನ್ನೂ ಬಿಸಿಲಿಗೆ ಹಾಕಿ, ಒದ್ದೆಯದನ್ನೇ ಸಂಜೆ ಮತ್ತೆ ಹೊದಿಸಿದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಬೇಸಿಗೆ ಭತ್ತದ ಸಸಿಮಡಿ ಹಳದಿಯಾಗಿದೆ, ಬೆಳೆಯುತ್ತಲೇ ಇಲ್ಲ. ಯೂರಿಯಾ ಹಾಕಲೇ? (ಸಿಂಧನೂರು)

ಮೊದಲು ರಾತ್ರಿಯ ಉಷ್ಣಾಂಶ ನೋಡಿ. 15 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದರೆ ಬೇರು ಗೊಬ್ಬರವನ್ನು ಸರಿಯಾಗಿ ಎಳೆಯುವುದೇ ಇಲ್ಲ, ಯೂರಿಯಾ ಸುರಿದು ಫಲವಿಲ್ಲ. ಸಂಜೆ ಎರಡು-ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಬೆಳಿಗ್ಗೆ ಆ ತಣ್ಣೀರು ಬಸಿದು ಹೊಸ ನೀರು ಬಿಡಿ. ಇಬ್ಬರು ಎರಡು ಬದಿಗೆ ನಿಂತು ಹಗ್ಗ ಎಳೆದರೆ ಸಸಿಯ ಮೇಲಿನ ಇಬ್ಬನಿ ಉದುರುತ್ತದೆ. ಚಳಿ ಹೆಚ್ಚಿದ್ದರೆ ರಾತ್ರಿ ಗೂಟಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿಸಿಲೇರುವ ಮುಂಚೆ ತೆಗೆಯಲು ಮರೆತರೆ ಸಸಿ ಬೆಂದುಹೋಗುತ್ತದೆ. ಎಲೆಯ ನಡುನರ ಬೆಳ್ಳಗಾಗಿ ತುಕ್ಕಿನ ಬಣ್ಣದ ಚುಕ್ಕೆ ಬಿದ್ದಿದ್ದರೆ ಸತುವಿನ ಕೊರತೆ. ಲೀಟರ್ ನೀರಿಗೆ 2 ಗ್ರಾಂ ಸತುವಿನ ಸಲ್ಫೇಟ್ ಬೆರೆಸಿ ಸಿಂಪಡಿಸಿ.

ಪ್ರಶ್ನೆ: ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗ್ತದೆ ಅಂತಾರೆ. ಇದನ್ನು ಲೆಕ್ಕಕ್ಕೆ ಹಿಡಿಯಬಹುದೇ? (ಕುಷ್ಟಗಿ)

ಮಾತು ಚೆನ್ನಾಗಿದೆ, ತಾರೀಖು ನಿಲ್ಲುವುದಿಲ್ಲ. ಶಿವರಾತ್ರಿ 2024ರಲ್ಲಿ ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರವರಿ 26ಕ್ಕೆ, 2026ರಲ್ಲಿ ಫೆಬ್ರವರಿ 15ಕ್ಕೆ ಬಂತು. ಚಳಿ ಸೂರ್ಯನ ಲೆಕ್ಕದಲ್ಲಿ ಹೋಗುತ್ತದೆ, ತಿಥಿಯ ಲೆಕ್ಕದಲ್ಲಿ ಅಲ್ಲ.

ಚಳಿ ಒಂದೇ ಸಲ ಹೋಗುವುದೂ ಇಲ್ಲ. ನಮ್ಮ ಭಾಗದಲ್ಲಿ ನವೆಂಬರ್ ಕೊನೆಯ ವಾರದಿಂದಲೇ ಸೂರ್ಯ ತುಸು ತಡವಾಗಿ ಮುಳುಗತೊಡಗುತ್ತಾನೆ, ಆದರೆ ಬೆಳಿಗ್ಗೆ ಹುಟ್ಟುವುದು ಜನವರಿ ಮೂರನೇ ವಾರದ ತನಕ ತಡವಾಗುತ್ತಲೇ ಹೋಗುತ್ತದೆ. ಫೆಬ್ರವರಿಯ ಒಣ ಹವೆಯಲ್ಲಿ, ಮೋಡವಿಲ್ಲದ ಆಕಾಶದಡಿ, ಮಧ್ಯಾಹ್ನ ಬೇಸಿಗೆ, ಬೆಳಗಿನ ಜಾವ ಕಂಬಳಿ. ಗರಿಷ್ಠ ಮೊದಲು ಏರುತ್ತದೆ, ಕನಿಷ್ಠ ಹಿಂದುಳಿಯುತ್ತದೆ. ಕೆಮ್ಮು-ನೆಗಡಿಯವರು ಮಧ್ಯಾಹ್ನದ ಬಿಸಿಲು ನೋಡಿ ಕಂಬಳಿ ಮಡಚಿಡುವುದು ಇದೇ ತಿಂಗಳಲ್ಲಿ.

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು: ಗರಿಷ್ಠ, ಕನಿಷ್ಠ, ಬೆಳಗಿನ ಗಾಳಿ ಯಾವ ದಿಕ್ಕಿನದು, ಇಬ್ಬನಿ ಇತ್ತೋ ಇಲ್ಲವೋ. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಹಿಂದಿನ ಏಳು ದಿನದ ಕನಿಷ್ಠಗಳನ್ನು ಕೂಡಿಸಿ ಏಳರಿಂದ ಭಾಗಿಸಿ. ಈ ಸರಾಸರಿ 20 ದಾಟಿ ಎರಡು ವಾರ ಕೆಳಗಿಳಿಯದಿದ್ದರೆ ಚಳಿ ಮುಗಿಯಿತು ಎನ್ನಿ. ಇದು ಇಲಾಖೆಯ ನಿಯಮವಲ್ಲ, ನಮ್ಮ ಅಂದಾಜು. ಇಲಾಖೆಯ ಪುಸ್ತಕದಲ್ಲಿ ಜನವರಿ-ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮುಂಗಾರು ಪೂರ್ವ ಅವಧಿ.

ಗಿಡಗಳನ್ನೂ ಬರೆದಿಡಿ, ಆದರೆ ಪ್ರತಿ ವರ್ಷ ಅದೇ ಗಿಡವನ್ನು. ಬೇವು ಎಲೆ ಉದುರಿಸಿದ ದಿನ, ಕೆಂಪು ಚಿಗುರು ಕಂಡ ದಿನ, ಮುತ್ತುಗದ ಮೊದಲ ಹೂವು. ನೀರು ಹಾಯುವ ತೋಟದ ಅಂಚಿನ ಬೇವು ಎಲೆ ಹಿಡಿದುಕೊಂಡೇ ಇರಬಹುದು, ಅದನ್ನು ಬಿಟ್ಟು ಬೀಳು ಹೊಲದ ಬೇವನ್ನು ಆರಿಸಿ. ನಿಮ್ಮ ಹೋಬಳಿಯ ಹಿಂದಿನ ಅಂಕಿಗಳ ಜೊತೆ ಹೋಲಿಸಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳು ಹೋಬಳಿ ಮಟ್ಟದಲ್ಲೇ ಇವೆ. ಬೆಳೆ ಸಲಹೆಗೆ ‘ಮೇಘದೂತ್’ ಆ್ಯಪ್ ಮಂಗಳವಾರ, ಶುಕ್ರವಾರ ತೆರೆದು ನೋಡಿ.